ಗುಡ್ಡಕ್ಕೆ ಬೆನ್ನು ಕೊಟ್ಟವನು

ನನ್ನ ವಯಸ್ಸಿನವರು ಮನೆಗೆ ಬಿ.ಪಿ. ನೋಡುವ ಯಂತ್ರ ತರಿಸುತ್ತಾರೆ. ನಾನು ಮುಸುಕು ಹಾಕಿಕೊಂಡು ಹಾರಾಡುವವನ ಕಾಮಿಕ್ಸ್ ತರಿಸಿದೆ. ಕೊರಿಯರ್‌ನವರು ಮೊಮ್ಮಗನಿಗಾ ಎಂದು ಕೇಳಿದಾಗ ಹೌದೆಂದೆ. ನನಗೆ ಮೊಮ್ಮಗನಿಲ್ಲ. ಊರಿನ ಮಕ್ಕಳಿಗೆಲ್ಲ ಗಣಿತ ಕಲಿಸಿ ನಿವೃತ್ತನಾದ ಮೇಷ್ಟ್ರೊಬ್ಬ ಇಂಥದ್ದನ್ನು ಓದುತ್ತಾನೆ ಎಂದು ಗೊತ್ತಾಗುವುದಕ್ಕಿಂತ ಇಲ್ಲದ ಮೊಮ್ಮಗನ ತಲೆಗೆ ಕಟ್ಟುವುದೇ ವಾಸಿ. ಹೆಂಡತಿ ಮಾತ್ರ ಪೊಟ್ಟಣ ಎತ್ತಿ ನೋಡಿ, ಇಷ್ಟಕ್ಕೆ ಒಂದು ಒಳ್ಳೆಯ ಕುಕ್ಕರ್ ಬರುತ್ತಿತ್ತು ಎಂದಳು.

ಅವು ದಪ್ಪ ರಟ್ಟಿನ ಸಂಪುಟಗಳು. ನನ್ನ ಬಾಲ್ಯದ ವೀರ, ಹಳದಿ ಮುಸುಕಿನವನು, ಒಂದು ಸಂಚಿಕೆಯೂ ಬಿಡದಂತೆ ಅವುಗಳಲ್ಲಿದ್ದಾನೆ. ಕಾಗದ ಎಷ್ಟು ನುಣುಪೆಂದರೆ ಬಲ್ಬಿನ ಬೆಳಕಿಗೆ ಅವನ ಮುಖವೇ ಕಾಣುವುದಿಲ್ಲ. ಪ್ರತಿ ಸಂಚಿಕೆಯಲ್ಲೂ ಒಂದು ನಗರ ಪುಡಿಪುಡಿಯಾಗುತ್ತದೆ, ಮುಂದಿನ ಸಂಚಿಕೆಗೆ ಕಿಟಕಿಯ ಗಾಜಿನ ಸಮೇತ ಎದ್ದು ನಿಂತಿರುತ್ತದೆ. ಯಾರು ಕಟ್ಟಿದರು, ಯಾರ ಖರ್ಚು, ಒಬ್ಬರೂ ಕೇಳುವುದಿಲ್ಲ. ಜೂನ್‌ನಲ್ಲಿ ಒಗೆದ ಟವೆಲ್ಲು ಸೆಪ್ಟೆಂಬರಿಗೆ ಒಣಗುವ ನಮ್ಮ ಕಡೆ ಅವನು ಬೆನ್ನಿಗೆ ಅಷ್ಟುದ್ದದ ಬಟ್ಟೆ ಕಟ್ಟಿಕೊಂಡು ಹಾರಿದ್ದರೆ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತಿದ್ದ.

ಚಿಕ್ಕಂದಿನಲ್ಲಿ ನಾನು ಈ ಕಥೆಗಳಲ್ಲಿ ಅರ್ಧ ಮಾತ್ರ ಕೊಂಡವನು. ಉಳಿದರ್ಧ ಪಕ್ಕದ ತೋಟದ ಬೆಳ್ಯಪ್ಪನದು. ಇಬ್ಬರ ಕೈಯಲ್ಲೂ ಕಾಸು ಕಮ್ಮಿ. ಹಾಗಾಗಿ ಬೆಸ ಸಂಖ್ಯೆಯ ಸಂಚಿಕೆ ನನ್ನದು, ಸಮ ಸಂಖ್ಯೆಯದು ಅವನದು. ಮಡಿಕೇರಿ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ತಂದು ಅದಲು ಬದಲು ಮಾಡಿಕೊಳ್ಳುತ್ತಿದ್ದೆವು. ಮನೆಯಲ್ಲಿ ಅವನದು ಅರೆಭಾಷೆ, ನಮ್ಮದು ಪುರೋಹಿತರ ಮನೆಯ ಕನ್ನಡ. ಜಗಳಕ್ಕೆ ಎರಡೂ ಸಾಲುತ್ತಿದ್ದವು.

ಒಂದು ಸಲ ಬೆಳ್ಯಪ್ಪ ಬರಿಗೈಯಲ್ಲಿ ಬಂದ. ಅವನ ಪಾಲಿನ ಸಂಚಿಕೆಯನ್ನು ಅವನ ಮಾವ ಒಯ್ದರಂತೆ. ಬೇಜಾರು ಮಾಡಬೇಡ ಎಂದು ಕಾಫಿ ಒಣಹಾಕುವ ಕಣದಲ್ಲಿ ಕೂರಿಸಿ ಕಥೆಯನ್ನೇ ಹೇಳಿದ. ಮಳೆಗೆ ಗುಡ್ಡವೊಂದು ಒಂದು ಊರಿನ ಮೇಲೆ ಜಾರುತ್ತದೆ. ಹಳದಿ ಮುಸುಕಿನವನ ಶಕ್ತಿಯೆಲ್ಲ ಹಿಂದಿನ ದಿನವೇ ಹೋಗಿಬಿಟ್ಟಿದೆ. ಆದರೂ ಅವನು ಹೋಗಿ ಗುಡ್ಡಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಮುದುಕಿಯರು, ದನಕರು, ಕೋಳಿಗಳು, ಎಲ್ಲ ಒಂದೊಂದಾಗಿ ಆಚೆ ದಾಟುವವರೆಗೆ ಏಳುವುದಿಲ್ಲ. ನಮ್ಮ ಪುರಾಣಗಳಲ್ಲಿ ಬೆಟ್ಟ ಎತ್ತಿದವರಿಗೇನು ಕಮ್ಮಿ? ಆದರೆ ಅವರೆಲ್ಲ ದೇವರ ಕಡೆಯವರು. ಇವನು ಬರಿಯ ಮನುಷ್ಯನಾಗಿದ್ದಾಗ ಕೂತವನು. ಬದುಕಿಡೀ ನಾನು ಈ ವೀರನ ಅಭಿಮಾನಿಯಾಗಿ ಉಳಿದದ್ದು ಆ ಒಂದು ಕಥೆಯಿಂದ. ಈ ಸಂಪುಟಗಳನ್ನು ಕೊಂಡದ್ದೂ ಅದನ್ನೊಮ್ಮೆ ಕಣ್ಣಾರೆ ಓದಬೇಕೆಂದೇ.

ಓದಿದೆ. ಆ ಸಂಚಿಕೆಯಲ್ಲಿ ಗುಡ್ಡವೇ ಇಲ್ಲ. ಮೊದಲಿಂದ ಕೊನೆತನಕ ಹಲ್ಲಿಮುಖದ ಒಬ್ಬನಿಗೆ ಗುದ್ದುತ್ತಾನೆ, ಕೊನೆಗೆ ಪತ್ರಿಕೆಯವರಿಗೆ ನಗುತ್ತಾನೆ. ಸಂಪುಟಗಳನ್ನೆಲ್ಲ ತಿರುವಿ ಹಾಕಿದೆ. ಎಲ್ಲೂ ಇಲ್ಲ. ಅವನು ಬರೀ ಗುದ್ದುತ್ತಾನೆ. ಇಷ್ಟು ವರ್ಷ ನಾನು ಅಭಿಮಾನ ಪಟ್ಟದ್ದು ಬೆಳ್ಯಪ್ಪನ ಮೇಲೆ ಎಂದು ತಿಳಿದು ಹೊಟ್ಟೆ ಉರಿಯಿತು.

ಯಾಕೆಂದರೆ ನಾನೂ ಬೆಳ್ಯಪ್ಪನೂ ಮಾತು ಬಿಟ್ಟು ಎರಡನೇ ಬೇಸಿಗೆ ಇದು. ನನ್ನ ಮನೆಯ ಹಿಂದಿನ ಗುಡ್ಡ ಅವನದು. ಅದರ ಬುಡವನ್ನು ಜೆಸಿಬಿಯಿಂದ ಕೊರೆಸಿ ಹೋಮ್‌ಸ್ಟೇಗೆ ಜಾಗ ಮಾಡುತ್ತಿದ್ದಾನೆ. ದುಬಾರೆಯಲ್ಲಿ ಆನೆ ನೋಡಿ ಬಂದವರು ಮಲಗಿ ಏಳಲು ಕೋಣೆಗಳು ಬೇಕಂತೆ. ಬುಡ ಕಡಿದರೆ ಮಣ್ಣು ನಿಲ್ಲುವುದಿಲ್ಲ, ಜಾರಿದ ಗುಡ್ಡಗಳನ್ನು ಇಬ್ಬರೂ ನೋಡಿದ್ದೇವೆ ಎಂದು ಹೇಳಿದ್ದಕ್ಕೆ, ನಿನಗೆ ಹೊಟ್ಟೆಕಿಚ್ಚು ಎಂದಿದ್ದ. ಈಗ ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಕೆಂಪು ಮಣ್ಣು ಒಂದು ಗೋಡೆಯಷ್ಟು ನೇರಕ್ಕೆ ನಿಂತಿದೆ. ಅದನ್ನು ನೋಡುತ್ತಲೇ ಹೆಂಡತಿ ದೋಸೆ ಹೊಯ್ಯುತ್ತಾಳೆ.

ಸಂಪುಟವನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿ ಹೋದೆ. ಬೆಳ್ಯಪ್ಪ ಜೆಸಿಬಿಯ ಪಕ್ಕದಲ್ಲಿ ನಿಂತಿದ್ದ. ಆ ಗುಡ್ಡದ ಕಥೆ ಇದರಲ್ಲಿ ಎಲ್ಲಿದೆ ಎಂದು ಮಾನ ಬಿಟ್ಟು ಕೇಳಿಯೇಬಿಟ್ಟೆ. ಅವನು ಪುಟ ತಿರುವಿ ಹಲ್ಲಿಮುಖದವನನ್ನು ನೋಡಿ ನಕ್ಕ. ಮಾವ ಒಯ್ದದ್ದೆಲ್ಲ ಸುಳ್ಳಂತೆ. ಆ ತಿಂಗಳು ಕಾಸಿರಲಿಲ್ಲ, ನನ್ನ ಮುಖ ನೋಡಲಾಗದೆ ಬಾಯಿಗೆ ಬಂದದ್ದು ಹೇಳಿದ್ದನಂತೆ. ಆ ಕ್ಷಣ ಅವನು ಗೆಳೆಯನೇ ಆಗಿದ್ದ. ಆ ಧೈರ್ಯದಲ್ಲಿ ಇನ್ನೊಂದು ಕೇಳಿದೆ.

"ಅವನು ಎದ್ದ ಮೇಲೆ ಗುಡ್ಡ ಏನಾಯ್ತು ಬೆಳ್ಯಪ್ಪ? ಅದನ್ನ ನೀನು ಹೇಳಲೇ ಇಲ್ಲ."

ಅವನು ಪುಸ್ತಕ ಮುಚ್ಚಿ ಕೈಗೆ ಕೊಟ್ಟ. ಕೆಳಗೆ ನಮ್ಮ ಮನೆಯ ಹೆಂಚು ಕಾಣುತ್ತಿತ್ತು. ಅದನ್ನೇ ನೋಡುತ್ತ ಹೇಳಿದ: "ಬಿತ್ತ್. ಜನ ಎಲ್ಲ ಮೊದ್ಲೇ ಮನೆ ಬಿಟ್ಟ್ ಹೋಗಿದ್ದೊ ಅಲ್ಲ?"

ಜೆಸಿಬಿಯವನಿಗೆ ಕೈಸನ್ನೆ ಮಾಡಿದ. ಕೆಲಸ ಮುಂದುವರಿಯಿತು.

ಮಳೆಗಾಲಕ್ಕೆ ಮಡಿಕೇರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೇವೆ. ಹೆಂಡತಿ ಪಾತ್ರೆ ಕಟ್ಟುತ್ತಿದ್ದಾಳೆ, ನಾನು ಯಾವ ಪುಸ್ತಕ ಒಯ್ಯಲಿ ಎಂದು ಕೂತಿದ್ದೇನೆ. ಗುಡ್ಡಕ್ಕೆ ಬೆನ್ನು ಕೊಡುವವನು ಈ ನುಣುಪು ಸಂಪುಟಗಳಲ್ಲಿ ಯಾವತ್ತೂ ಇರಲಿಲ್ಲ. ಇದ್ದದ್ದು ಬೆಳ್ಯಪ್ಪನ ಒಳಗೆ. ಅಲ್ಲಿಂದ ಅವನನ್ನು ಯಾವಾಗ ಒಕ್ಕಲೆಬ್ಬಿಸಿದನೋ ಗೊತ್ತಿಲ್ಲ, ನಮಗಿಂತ ಮೊದಲಂತೂ ಹೌದು.