ಚಿಕ್ಕತಾಯಿಗೆ ಲೆಕ್ಕ ಬರುತ್ತಿತ್ತು

ನಮ್ಮ ಕಾಲದ ಮೇಷ್ಟ್ರುಗಳೆಂದರೆ ದೇವರಂಥವರು, ಅವರ ಕೈಯಲ್ಲಿ ಏಟು ತಿಂದೇ ನಾವು ಮನುಷ್ಯರಾದೆವು ಎಂದು ನನ್ನ ವಯಸ್ಸಿನವರು ಶುರುಮಾಡಿದರೆ ನಾನು ಎದ್ದು ಒಳಗೆ ಹೋಗಿಬಿಡುತ್ತೇನೆ. ಆ ದಿನಗಳನ್ನು ನಾನೂ ಕಂಡಿದ್ದೇನೆ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತ ಓಡಾಡುತ್ತಿದ್ದವು. ಕಬ್ಬು ಅರೆಯುವ ಕಾಲ ಬಂತೆಂದರೆ ಮಂಡ್ಯದ ಗಾಳಿಗೆಲ್ಲ ಸಕ್ಕರೆ ಕಾರ್ಖಾನೆಯ ಕಾಕಂಬಿಯ ಸಿಹಿಹುಳಿ ವಾಸನೆ ಹತ್ತಿಕೊಳ್ಳುತ್ತಿತ್ತು. ಒಣಗಿಸಿದ ಬಟ್ಟೆಯಲ್ಲೂ ಅದೇ, ಕುಡಿಯುವ ನೀರಿನಲ್ಲೂ ಅದೇ. ನಾನಾಗ ನಾಲ್ಕನೇ ಫಾರಂ, ಅಂದರೆ ಹೈಸ್ಕೂಲಿನ ಮೊದಲ ವರ್ಷ. ವಯಸ್ಸು ಹದಿನಾಲ್ಕು.

ತರಗತಿಯಲ್ಲಿ ನಲವತ್ತು ಹುಡುಗರು, ಐದು ಜನ ಹುಡುಗಿಯರು. ನಮ್ಮ ಐವರಿಗೂ ಕಿಟಕಿಯ ಪಕ್ಕ ಒಂದೇ ಬೆಂಚು. ನನ್ನ ಪಕ್ಕ ಕೂರುತ್ತಿದ್ದವಳು ಚಿಕ್ಕತಾಯಿ, ಕೆರಗೋಡಿನವಳು. ಅವಳ ಅಪ್ಪನಿಗೆ ಮಗಳನ್ನು ಓದಿಸುವ ಹುಚ್ಚು. ಅಕ್ಕನನ್ನು ಮಂಡ್ಯಕ್ಕೆ ಕೊಟ್ಟಿದ್ದರಿಂದ ಅಕ್ಕನ ಮನೆಯಲ್ಲಿದ್ದುಕೊಂಡು ಶಾಲೆಗೆ ಬರುತ್ತಿದ್ದಳು. ನನ್ನ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹಾಗಾಗಿ ನಾನು ಪೇಟೆಯವಳು, ಅವಳು ಹಳ್ಳಿಯವಳು. ಮಧ್ಯಾಹ್ನ ಅವಳ ಬುತ್ತಿಯ ರಾಗಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ನನಗೆ. ನನ್ನ ಮೊಸರನ್ನ, ಮಾವಿನ ಮಿಡಿ ಉಪ್ಪಿನಕಾಯಿ ಅವಳಿಗೆ. ಉಂಡ ಮೇಲೆ ಹೊಂಗೆಮರದ ಕೆಳಗೆ ನೆಲದಲ್ಲಿ ಗುಳಿ ತೋಡಿ ಹುಣಿಸೆಬೀಜದಲ್ಲಿ ಅಳಗುಳಿ ಆಡುತ್ತಿದ್ದೆವು. ನಾನು ಒಂದು ಆಟವನ್ನೂ ಗೆದ್ದ ನೆನಪಿಲ್ಲ. ಯಾವ ಗುಳಿಯಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತದೆಂದು ಅವಳು ಕಣ್ಣಲ್ಲೇ ಓಡಿಸಿ ನೋಡಿಬಿಡುತ್ತಿದ್ದಳು.

ಲೆಕ್ಕದ ಮೇಷ್ಟ್ರ ಹೆಸರು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಇದ್ದಾರೆ, ಒಳ್ಳೆಯವರು. ಮೇಷ್ಟ್ರು ನಶ್ಯ ಏರಿಸುತ್ತಿದ್ದರು. ಏರಿಸಿ, ಸೀನಿ, ಕಂದುಗಟ್ಟಿದ ಕರವಸ್ತ್ರದಲ್ಲಿ ಮೂಗೊರೆಸಿ, ಅದೇ ಬಟ್ಟೆಯಿಂದ ಬೋರ್ಡು ಒರೆಸುತ್ತಿದ್ದರು. ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವರ ಶಿಕ್ಷೆ. ಉತ್ತರ ಹೇಳಿದವರು ಹೇಳದವರ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕೆನ್ನೆಗೆ ಹೊಡೆಯಬೇಕು. ಹುಡುಗರಿಗೆ ಹುಡುಗರು, ಹುಡುಗಿಯರಿಗೆ ಹುಡುಗಿಯರು. ತಾವು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

ಹುಡುಗಿಯರಲ್ಲಿ ಹೊಡೆಯುವವಳು ಸಾಮಾನ್ಯವಾಗಿ ನಾನೇ. ಸೂತ್ರಗಳನ್ನೆಲ್ಲ ದೇವರ ನಾಮದಂತೆ ಬಾಯಿಪಾಠ ಮಾಡಿದ್ದೆ. ಸುಳ್ಳೇಕೆ, ನನಗೆ ಅದು ಹಿತವಾಗಿಯೇ ಇತ್ತು.

ಆ ವರ್ಷ ಬೀಜಗಣಿತ ಶುರುವಾಗಿತ್ತು. ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಂದರೆ ಎ ಸ್ಕ್ವೇರ್ ಪ್ಲಸ್ ಟೂ ಎಬಿ ಪ್ಲಸ್ ಬಿ ಸ್ಕ್ವೇರ್ ಎಂದು ಗಿಳಿಯಂತೆ ಒಪ್ಪಿಸುತ್ತಿದ್ದೆ. ಒಂದು ದಿನ ಹೊಂಗೆಮರದ ಕೆಳಗೆ ಚಿಕ್ಕತಾಯಿ ಕೇಳಿದಳು: “ಆ ನಡುಗಡೆ ಟೂ ಎಬಿ ಎಲ್ಲಿಂದ ಬತ್ತದೆ ಗೊತ್ತೇನಮ್ಮಿ ನಿಂಗೆ?”

“ಪುಸ್ತಕದಲ್ಲಿದೆ ಕಣೆ.”

“ಪುಸ್ತಕಕ್ಕೆ ಎಲ್ಲಿಂದ ಬಂತು?”

ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಒಂದು ಚೌಕ ಎಳೆದಳು.

“ಇದು ನಮ್ ಗದ್ದೆ ಅನ್ಕೊ. ಉದ್ದ ಎ, ಅಗಲಾನೂ ಎ. ಈಗ ಅಪ್ಪ ಉದ್ದಕ್ಕೂ ಒಸಿ, ಅಗಲಕ್ಕೂ ಒಸಿ ಸೇರಿಸ್ಕಂಡ. ಎಷ್ಟು? ಬಿ. ನೋಡು, ಈ ಕಡೆ ಒಂದು ಪಟ್ಟಿ ಬಂತು, ಆ ಕಡೆ ಒಂದು ಪಟ್ಟಿ ಬಂತು. ಎರಡೂ ಒಂದೇ ಅಳತೆ. ಮೂಲೇಲಿ ಪುಟ್ಟ ಚೌಕ. ಅದು ಬಿ ಸ್ಕ್ವೇರು. ಆ ಎರಡು ಪಟ್ಟೀನೇ ಕಣಮ್ಮಿ ನಿನ್ ಟೂ ಎಬಿ.”

ನಾನು ನೋಡುತ್ತ ನಿಂತೆ. ಅಷ್ಟು ದಿನ ಬಾಯಲ್ಲಿದ್ದದ್ದು ಅಂದು ಕಣ್ಣಿಗೆ ಬಿತ್ತು. “ಯಾರು ಹೇಳಿಕೊಟ್ರೆ ಇದನ್ನ?”

“ಯಾರ್ ಏಳ್ಕೊಡ್ತಾರೆ? ಗದ್ದೆ ಬದೀಲಿ ಕುಂತಿದ್ದಾಗ ತಿಳೀತು,” ಎಂದು ನಕ್ಕಳು. ಆ ನಗುವಿನಲ್ಲಿ ಎಂಥ ಗಟ್ಟಿ ನಂಬಿಕೆಯಿತ್ತೆಂದರೆ, ಲೆಕ್ಕವೆಂಬುದೇ ಅವಳ ಅಪ್ಪನ ಜಮೀನಿರಬೇಕು ಅನ್ನಿಸುವಂತಿತ್ತು.

ಮುಂದಿನ ವಾರ ಶಾಲೆಯ ತನಿಖೆಗೆ ಇನ್ಸ್‌ಪೆಕ್ಟರು ಬರುತ್ತಾರೆಂದು ಸುದ್ದಿ ಬಂತು. ಮೇಷ್ಟ್ರು ಕಂಗಾಲಾದರು. ತರಗತಿಗೆ ಬಂದವರೇ ಚಿಕ್ಕತಾಯಿಯತ್ತ ಬೆರಳು ಮಾಡಿ ಸೂತ್ರ ಬರೆಯಲು ಬೋರ್ಡಿಗೆ ಕರೆದರು. ಅವಳಿಗೆ ಅಂದು ನೆಗಡಿ, ಮೂಗು ಸೋರುತ್ತಿತ್ತು. ಸೆರಗಿನಲ್ಲಿ ಮೂಗೊರೆಸಿಕೊಂಡು ಹೋಗಿ, ಸೂತ್ರ ಬರೆಯುವ ಬದಲು ಆ ಚೌಕ ಎಳೆದಳು.

“ಏನಿದು?”

“ಗದ್ದೆ ಸಾ. ಅಂಗೇ ನೋಡುದ್ರೆ ತಿಳೀತದೆ…”

“ಗದ್ದೆ!” ಮೇಷ್ಟ್ರು ತರಗತಿಯ ಕಡೆ ತಿರುಗಿದರು. “ನಾಟಿ ಹಾಕೋಕೆ ಬಂದಿದಾಳೆ ಕಣ್ರೋ. ನೇಗಿಲು ಎಲ್ಲಮ್ಮ, ಮನೇಲೇ ಬಿಟ್ಟು ಬಂದ್ಯಾ?”

ನಲವತ್ತು ಹುಡುಗರು ನಕ್ಕರು. ಅವರಲ್ಲಿ ಮುಕ್ಕಾಲು ಜನ ಗದ್ದೆಯವರ ಮಕ್ಕಳೇ. ಮೇಷ್ಟ್ರು ಕರವಸ್ತ್ರದಿಂದ ಚೌಕವನ್ನು ಒರೆಸಿ ನನ್ನನ್ನು ಎಬ್ಬಿಸಿದರು. ನಾನು ಸೂತ್ರ ಒಪ್ಪಿಸಿದೆ.

“ಭೇಷ್. ಹಾಕು ಅವಳಿಗೆ.”

ಹೋದೆ. ಎಡಗೈಯಲ್ಲಿ ಅವಳ ಮೂಗು ಹಿಡಿದೆ. ಒದ್ದೆಯಿತ್ತು, ಬೆರಳು ಜಾರಿತು. ಹುಡುಗರು ಮತ್ತೆ ನಕ್ಕರು. ಅವಳು ನನ್ನನ್ನೇ ನೋಡುತ್ತಿದ್ದಳು, ನಾನು ಏನೋ ಹೇಳುತ್ತೇನೆಂದು ಕಾಯುವವಳಂತೆ. ಮೆಲ್ಲಗೆ ತಟ್ಟಿದೆ.

“ಅದು ಏಟಾ? ಸವರ್ತಾ ಇದೀಯಾ? ಹೊಡೆಯೋದು ಹೇಗೆ ಅಂತ ನಿನ್ನ ಕೆನ್ನೆ ಮೇಲೇ ತೋರಿಸ್ಲಾ?”

ಮತ್ತೆ ಮೂಗು ಹಿಡಿದು ಹೊಡೆದೆ. ಕಿಟಕಿಯಾಚೆಯ ಕಾಗೆ ಹಾರಿಹೋಗುವಷ್ಟು ಜೋರಾಗಿ ಹೊಡೆದೆ.

ಗಂಟೆ ಹೊಡೆದ ಕೂಡಲೇ ಬಾವಿಯ ಹತ್ತಿರ ಓಡಿ ಬೂದಿ ಹಾಕಿ ಕೈ ಉಜ್ಜಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಅಂದು ನನಗೆ ಹೇಸಿಗೆಯಾದದ್ದು ಬೆರಳಿಗಂಟಿದ್ದ ಸಿಂಬಳದಿಂದ. ಇನ್ನೊಂದು ಕೈ ಮಾಡಿದ ಕೆಲಸದಿಂದಲ್ಲ.

ಇನ್ಸ್‌ಪೆಕ್ಟರು ಬಂದರು. ಜರಿಪೇಟ, ಮುಚ್ಚುಕೋಟು, ಮೃದುವಾದ ಮಾತು. ಹುಡುಗರು ಸೂತ್ರ ಒಪ್ಪಿಸಿದರು. “ಸರಿ, ಆದರೆ ನಡುವೆ ಎರಡು ಎಬಿ ಯಾಕೆ ಬರಬೇಕು? ಯಾರಾದರೂ ಹೇಳ್ತೀರಾ?” ಎಂದರು. ಮೇಷ್ಟ್ರ ಮುಖ ಬೆವರಿತು. ನನ್ನ ಪಕ್ಕದಲ್ಲಿ ಚಿಕ್ಕತಾಯಿ ತಲೆ ತಗ್ಗಿಸಿ ಕೂತಿದ್ದಳು.

ನಾನು ಎದ್ದೆ. ಬೋರ್ಡಿಗೆ ಹೋಗಿ ಚೌಕ ಎಳೆದೆ, ಪಟ್ಟಿಗಳನ್ನು ಎಳೆದೆ, ಅವಳು ಹೇಳಿದ್ದನ್ನು ಪೇಟೆಯ ಮಾತಿಗೆ ತಿರುಗಿಸಿ ಹೇಳಿದೆ. ಗದ್ದೆ ಎನ್ನಲಿಲ್ಲ, ಕ್ಷೇತ್ರ ಎಂದೆ.

ಇನ್ಸ್‌ಪೆಕ್ಟರು ಚಪ್ಪಾಳೆ ತಟ್ಟಿದರು. “ಎಷ್ಟು ಚೆನ್ನಾಗಿ ತಿಳಿದುಕೊಂಡಿದ್ದೀಯಮ್ಮ! ಯಾರು ಹೇಳಿಕೊಟ್ಟರು?”

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಕೈಜೋಡಿಸಿ ನಿಂತಿದ್ದರು. “ನಾನೇ ಸಾರ್. ಚಿತ್ರ ಬರೆದು ಹೇಳಿಕೊಡೋದು ನನ್ನ ಪದ್ಧತಿ.”

ಬಾಯಿ ಮುಚ್ಚಿದೆ. ಆ ಮನುಷ್ಯನ ಹಲ್ಲುಗಳ ನಡುವಿನ ಕಂದು ನಶ್ಯ, ಆ ನಗು, ಪಕ್ಕದಲ್ಲಿ ಭುಜ ಸೆಟೆಸಿ ನಿಂತ ನಾನು! ಕದ್ದ ಮಾಲನ್ನು ಇಬ್ಬರು ಕಳ್ಳರು ಹಂಚಿಕೊಂಡಂತಿತ್ತು.

ಸಂಜೆ ದಾರಿಯಲ್ಲಿ ಚಿಕ್ಕತಾಯಿಯ ಹಿಂದೆ ಓಡಿದೆ. “ನಾಳೆ ಹೆಡ್‌ಮಾಸ್ಟರಿಗೆ ಹೇಳಿಬಿಡ್ತೀನಿ ಕಣೆ, ನಿಂದೇ ಅಂತ.”

ಅವಳು ನಿಲ್ಲಲಿಲ್ಲ. “ಬುಡಮ್ಮಿ. ನಾನ್ ಏಳ್ದಾಗ ತಪ್ಪಾಗಿತ್ತು, ನೀನ್ ಏಳ್ದಾಗ ಸರಿಯಾಯ್ತು. ಅಂಗಾರೆ ಲೆಕ್ಕ ಅನ್ನೋದು ಏಳೋರ್ ಮ್ಯಾಲೆ ಅದೆ. ನನ್ ಕೈಲಾಗದ್ದು.”

ನಾನು ಯಾರಿಗೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಅಂದಿನಿಂದ ಲೆಕ್ಕದ ಪೀರಿಯಡ್ಡಿನಲ್ಲಿ ಅವಳು ಉತ್ತರಕ್ಕೆ ಕೈ ಎತ್ತಲಿಲ್ಲ. ಕರೆದರೆ ಎದ್ದು ನಿಂತು “ಬರಾಕಿಲ್ಲ ಸಾ” ಎಂದು ತಾನೇ ಮೂಗನ್ನು ಮುಂದೊಡ್ಡುತ್ತಿದ್ದಳು. ಮೊದಮೊದಲು ಹಟಕ್ಕೆ ಹಾಗೆ ಹೇಳುತ್ತಾಳೆಂದುಕೊಂಡಿದ್ದೆ. ಪರೀಕ್ಷೆಯ ಹೊತ್ತಿಗೆ ಅದು ನಿಜವೇ ಆಗಿಹೋಯಿತು. ಸುಲಭದ ಲೆಕ್ಕ ಕೊಟ್ಟರೂ ಬರೆದು, ಅಳಿಸಿ, ಮತ್ತೆ ಬರೆದು, ತಪ್ಪು ಉತ್ತರಕ್ಕೇ ಬಂದು ನಿಲ್ಲುತ್ತಿದ್ದಳು. ಲೆಕ್ಕದಲ್ಲಿ ನಪಾಸಾದಳು. ಅಪ್ಪ ಬಂದು ಕರೆದುಕೊಂಡು ಹೋದರು. ನಾನು ಪಾಸಾದೆ, ಮುಂದೆಯೂ ಓದಿದೆ, ಮದ್ದೂರಿನಲ್ಲಿ ಲೆಕ್ಕದ ಮೇಡಂ ಆದೆ.

ಇಪ್ಪತ್ತು ವರ್ಷಗಳಾದ ಮೇಲೆ ಮದುವೆಯೊಂದಕ್ಕೆ ಮಳವಳ್ಳಿಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ಮಾತನಾಡಿಸಿದಳು. ಬಂಡೂರಿಗೆ ಕೊಟ್ಟಿದ್ದರಂತೆ. ಜೊತೆಯಲ್ಲಿ ಹದಿನಾಲ್ಕರ ಮಗಳು. ಅಮ್ಮಿ ಎನ್ನುತ್ತಿದ್ದವಳು ಈಗ ನನ್ನನ್ನು ನೀವು ಎಂದಳು.

“ಇವ್ಳ್‌ದೂ ನನ್ ತಲೇನೇಯಾ. ಎಲ್ಲಾದ್ರಲ್ಲೂ ಪಾಸು, ಲೆಕ್ಕ ಒಂದು ಅತ್ತಾಕಿಲ್ಲ. ನಮ್ ವಂಸದಲ್ಲೇ ಇಲ್ಲ ಬುಡಿ. ಈ ವರ್ಸಕ್ಕೆ ಸಾಕು ಅಂದ್ಬುಟ್ಟವ್ರೆ ಅವ್ರಪ್ಪ.”

ಹುಡುಗಿಯ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ: ಚೌಕ, ಏಟು, ಇನ್ಸ್‌ಪೆಕ್ಟರು, ನಾನು ಕದ್ದದ್ದು. “ನಿಮ್ಮಮ್ಮನಿಗೆ ಬರುತ್ತಿದ್ದಷ್ಟು ಲೆಕ್ಕ ಇವತ್ತಿಗೂ ನನಗೆ ಬರೋಲ್ಲ ಮಗು,” ಎಂದೆ.

ಚಿಕ್ಕತಾಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅಯ್ಯೋ, ಎಲ್ಲಾರ ಉಂಟಾ? ಏಟು ತಿಂದದ್ದು ಗ್ಯಾಪ್ಕ ಅದೆ. ನಂಗೆಲ್ಲಿ ಲೆಕ್ಕ ಬತ್ತಿತ್ತು? ದೊಡ್ಡೋರು ಕಣವ್ವ ಇವ್ರು, ನಿನ್ ಸಮಾಧಾನಕ್ಕೆ ಏಳ್ತಾವ್ರೆ.”

ಬೇಕೆಂದೇ ಹಾಗೆನ್ನುತ್ತಿದ್ದಾಳೇನೋ ಎಂದು ಅವಳ ಮುಖ ಹುಡುಕಿದೆ. ಇಲ್ಲ. ನಿಜವಾಗಿಯೂ ಮರೆತಿದ್ದಳು. ಹುಡುಗಿ ತಾಯಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮೆಲ್ಲಗೆ ಕೈ ಬಿಡಿಸಿಕೊಂಡು ಬಸ್ಸಿನ ದಾರಿ ನೋಡತೊಡಗಿದಳು.

ಮೇಷ್ಟ್ರು ಸತ್ತು ಎಷ್ಟೋ ಕಾಲವಾಯಿತು. ಚಿಕ್ಕತಾಯಿಗೆ ಲೆಕ್ಕ ಬರುತ್ತಿತ್ತೆಂದು ಬಲ್ಲವಳು ಈ ಭೂಮಿಯ ಮೇಲೆ ಈಗ ನಾನೊಬ್ಬಳೇ. ಸಾಕ್ಷಿ ಹೇಳಬೇಕಾದ ದಿನ ಬಾಯಿ ಮುಚ್ಚಿಕೊಂಡವಳ ಮಾತನ್ನು ಆ ಹುಡುಗಿಯಾದರೂ ಯಾಕೆ ನಂಬಿಯಾಳು?