ಶಹಾಬಾದದ ಸುರಂಗದ ಬಾಯಲ್ಲಿ

ಶಹಾಬಾದದ ಹಳೆಯ ಫರಸಿ ಕಲ್ಲಿನ ಗಣಿಯಿಂದ ಪಾತಾಳದ ಊರಿಗೆ ಸುರಂಗವಿದೆ ಎಂದು ಕೇಳಿ ಇಂದು ಮಧ್ಯಾಹ್ನ ನೋಡಲು ಹೋದೆ. ಅದರ ಬಾಯಲ್ಲಿ ಮಹಾದೇವಿ ಎಂಬಾಕೆ ಕುಳಿತಿದ್ದರು.

"ಕೆಳಗಿನ ಊರಿಗೆ ಕೊಟ್ಟ ಅಕ್ಕ ಬರ್ತಾಳ್ರಿ. ಅವ್ವ ಮೊನ್ನಿ ತೀರಿಕೊಂಡ್ಳು. ಅಕ್ಕಗ ಹ್ಯಾಂಗ ಹೇಳ್ಲಿ?" ಎಂದರು.

ಸ್ವಲ್ಪ ಹೊತ್ತಿಗೆ ಅಕ್ಕ ಮೆಟ್ಟಿಲು ಹತ್ತಿ ಬಂದರು. ಬಿಸಿಲಿಗೆ ಕಣ್ಣು ಬಿಡಲಾಗದೆ ತಂಗಿಯ ಕೆನ್ನೆ ತಡವಿದರು. ಮಹಾದೇವಿ ಅಳುತ್ತ ಸುದ್ದಿ ಹೇಳಿದರು.

"ಏನ್ ಮಾತಾಡ್ತಿ? ಅವ್ವ ನಮ್ಮನ್ಯಾಗ ರೊಟ್ಟಿ ಬಡಿಯಾಕತ್ತಾಳ. ನಿನ್ನ ಕರ್ಕೊಂಡು ಬಾ ಅಂದಾಳ," ಎಂದರು ಅಕ್ಕ.

ಮಹಾದೇವಿಯ ಅಳು ನಿಂತಿತು. ನನ್ನತ್ತ ತಿರುಗಿ, "ಹಂಗಾದ್ರ ನಾವು ಮಣ್ಣು ಕೊಟ್ಟಿದ್ದು ಯಾರಿಗ್ರಿ?" ಎಂದು ಕೇಳಿದರು.

ಅಕ್ಕ ಕೈ ಚಾಚಿದರು. ಮಹಾದೇವಿ ಹಿಡಿದುಕೊಂಡರು. ತಡೆಯಬೇಕೋ ಬೇಡವೋ ತಿಳಿಯದೆ ನಾನು ನಿಂತೇ ಇದ್ದೆ.