ಒಂದು ಸಾಲು ಜಾರಿದ ಹೆಸರುಗಳು

ಕೆಂಗೇರಿಯ ಆ ಗಾರ್ಮೆಂಟ್ಸ್‌ನಲ್ಲಿ ಅಂಬುಜಾಳ ಎದುರು ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹನ್ನೊಂದು ವರ್ಷ ಕಾಲರ್ ಹೊಲಿದ ಕೈ. ಮೂವತ್ತೆಂಟನೇ ವಯಸ್ಸಿನಲ್ಲಿ, ವಿಜಯನಗರದ ಕ್ಲಾಸಿನಲ್ಲಿ ಕಾಲೇಜು ಹುಡುಗಿಯರ ನಡುವೆ ಕೂತು ಕಂಪ್ಯೂಟರ್ ಕಲಿತು, 2005ರಲ್ಲಿ ಹೊಲಿಗೆ ಯಂತ್ರ ಬಿಟ್ಟು ರೆಕಾರ್ಡ್ ಟೇಬಲ್ಲಿಗೆ ಬಂದವಳು. "ಮೌಸ್ ಏನು ಮಹಾ, ಸೂಜಿ ಹಿಡಿದ ಕೈ ಇದು" ಎಂದು ಮೊದಲ ದಿನವೇ ಮೇಷ್ಟ್ರಿಗೆ ಹೇಳಿದ್ದಳಂತೆ. ಹೇಳಿಯೇ ಇರುತ್ತಾಳೆ, ಬಾಯಿ ಅಂಥದ್ದು.

ಹೊಲಿಗೆ ಕೆಟ್ಟು ವಾಪಸ್ ಬಂದ ಶರ್ಟುಗಳು ಯಾರ ಕೈಯಿಂದ ಎಷ್ಟು ಎಂದು ತಿಂಗಳಿಗೊಮ್ಮೆ ಚಾರ್ಟ್ ಮಾಡುವುದು ಅವಳ ಕೆಲಸ. ಆ ತಿಂಗಳು ಕೊನೆಯ ಕಂಬ ಎಲ್ಲಕ್ಕಿಂತ ಉದ್ದವಾಗಿತ್ತು. ಅದರ ಕೆಳಗೆ ಶಾಂತವ್ವನ ಹೆಸರು. ಮ್ಯಾನೇಜರ್ ಗೋಪೀನಾಥ ನೋಡಿದ್ದೇ ತಡ, ಶನಿವಾರದಿಂದ ಬರಬೇಡ ಅಂದುಬಿಟ್ಟ.

ಗದಗದ ಕಡೆಯ ಶಾಂತವ್ವ ಅಳಲಿಲ್ಲ. ನೇರ ಅಂಬುಜಾಳ ಟೇಬಲ್ ಮುಂದೆ ಬಂದು ನಿಂತಳು.

"ಅಕ್ಕಾರ, ನನ್ನ ಹೊಲಿಗಿ ನೀವು ನೋಡೀರಿ. ಖರೇನ ನಾ ಅಷ್ಟು ಕೆಡಿಸೇನೇನ್ರಿ?"

ಅಂಬುಜಾಳಿಗೆ ಸಂಕಟವಾಯಿತು. ಮೂರು ವರ್ಷ ಪಕ್ಕದ ಯಂತ್ರದಲ್ಲಿ ಕೂತು ಕಂಡ ಕೈ ಅದು, ಒಂದು ಎಳೆ ಆಚೀಚೆ ಹೋಗುವುದಲ್ಲ. ಚಾರ್ಟನ್ನು ಮತ್ತೆ ತೆರೆದಳು. ಮೊದಲ ಕಂಬದ ಕೆಳಗೆ ಯಾವ ಟೈಲರ್ ಹೆಸರೂ ಇಲ್ಲ, ‘ನೇಮ್’ ಎಂದಿದೆ. ಯಾರಪ್ಪ ಈ ನೇಮ್? ತಕ್ಷಣ ಹೊಳೆಯಿತು. ಚಾರ್ಟಿಗೆಂದು ಪಟ್ಟಿಯಿಂದ ಆರಿಸುವಾಗ ಅಂಕಿಗಳನ್ನು ಸರಿಯಾದ ಸಾಲಿನಿಂದ ಹಿಡಿದಿದ್ದವಳು, ಹೆಸರುಗಳನ್ನು ಮಾತ್ರ ಮೇಲಿನ ತಲೆಬರಹದಿಂದಲೇ ಹಿಡಿದುಬಿಟ್ಟಿದ್ದಳು. ಒಬ್ಬೊಬ್ಬರ ತಪ್ಪೂ ಪಟ್ಟಿಯಲ್ಲಿ ಅವರ ಮೇಲಿದ್ದವರ ತಲೆಗೆ ಬಿದ್ದಿತ್ತು. ಪಟ್ಟಿಯ ಕೊನೆಯ ಹೆಸರು ಚಾರ್ಟಿನಲ್ಲೇ ಇರಲಿಲ್ಲ.

ಆ ಕೊನೆಯ ಹೆಸರು ಶುಭಾ. ಅಂಬುಜಾಳ ಸ್ವಂತ ತಂಗಿ. ಎರಡು ತಿಂಗಳ ಹಿಂದೆ ಗೋಪೀನಾಥನಿಗೆ ದುಂಬಾಲು ಬಿದ್ದು ಇವಳೇ ಕೆಲಸಕ್ಕೆ ಸೇರಿಸಿದ್ದಳು.

ಸುಳ್ಳೇಕೆ, ಒಂದು ಗಳಿಗೆ ಕೈ ನಿಂತಿತು. ಶಾಂತವ್ವ ಇನ್ನೂ ಎದುರಿಗೇ ನಿಂತಿದ್ದಳು. ಅಂಬುಜಾ ಹೆಸರುಗಳು ಶುರುವಾಗುವ ಸಾಲಿನ ಸಂಖ್ಯೆ ಒಂದನ್ನು ಅಳಿಸಿ ಎರಡು ಎಂದು ಒತ್ತಿದಳು. ಹೆಸರುಗಳೆಲ್ಲ ತಮ್ಮ ತಮ್ಮ ಕಂಬದ ಕೆಳಗೆ ಬಂದು ಕೂತವು. ಪ್ರಿಂಟ್ ತೆಗೆದು ಗೋಪೀನಾಥನ ಮುಂದಿಟ್ಟಳು.

"ಹೆಸರು ನಾನೇ ತಪ್ಪು ಹಾಕಿದ್ದೆ ಸಾರ್. ಶಾಂತವ್ವಂದು ನಾಲ್ಕೇ ಪೀಸು."

ಅವನು ಉದ್ದದ ಕಂಬದ ಮೇಲೆ ಬೆರಳಿಟ್ಟ. "ಇದು ನಿಮ್ಮ ತಂಗಿ ಅಲ್ವಾ ಅಂಬುಜಮ್ಮ?"

"ಹೂಂ ಸಾರ್. ಈಗ ಸರಿಯಾಗಿದೆ."

ಅವನು ಕೆಲಸದಿಂದ ತೆಗೆಯುವವರ ಚೀಟಿಯಲ್ಲಿ ಶಾಂತವ್ವನ ಹೆಸರು ಹೊಡೆದುಹಾಕಿ ಅದರ ಕೆಳಗೆ ಶುಭಾ ಎಂದು ಬರೆದುಕೊಂಡ.

ಬೇರೆಯವರ ಬಾಯಲ್ಲಿ ಕೇಳುವುದು ಬೇಡವೆಂದು ಅಂಬುಜಾ ತಾನೇ ತಂಗಿಯ ಯಂತ್ರದ ಬಳಿ ಹೋದಳು. ಅಷ್ಟರಲ್ಲಿ ಲೈನಿನ ತುಂಬ ಅರ್ಧ ಸುದ್ದಿ ಹರಡಿತ್ತು. ಶುಭಾ ಯಂತ್ರ ನಿಲ್ಲಿಸಿ ಬಾಯ್ತುಂಬ ನಕ್ಕಳು.

"ಶಾಂತಕ್ಕನ್ನ ಉಳಿಸ್ದೆಯಂತೆ. ನೀನು ನನ್ನಕ್ಕ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡೆ."